ಪಟೇಲಿಕೆ ಇನ್ನೂ ಸತ್ತಿಲ್ಲ

ನಮ್ಮ ಸೀಮೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಊರ ಕೆಲಸವೆಲ್ಲ ಹುಟ್ಟಿನಿಂದಲೇ ಬರುತ್ತಿತ್ತು. ಪಟೇಲನ ಮಗ ಪಟೇಲ, ಶಾನುಭೋಗನ ಮಗ ಶಾನುಭೋಗ, ತೋಟಿಯ ಮಗ ತೋಟಿ. ಅಪ್ಪ ಸತ್ತರೆ ಒಬ್ಬನ ಕೈಗೆ ಕಂದಾಯದ ಲೆಕ್ಕ ಬರುತ್ತಿತ್ತು, ಇನ್ನೊಬ್ಬನ ಹೆಗಲಿಗೆ ಸಾವು ಸಾರುವ ಕೆಲಸ ಬೀಳುತ್ತಿತ್ತು. ನಿನಗೆ ಯೋಗ್ಯತೆ ಇದೆಯಾ ಅಂತ ಪಟೇಲನ ಮಗನನ್ನು ಯಾರೂ ಕೇಳಲಿಲ್ಲ. ನಿನಗೆ ಇಷ್ಟ ಇದೆಯಾ ಅಂತ ತೋಟಿಯ ಮಗನನ್ನೂ ಯಾರೂ ಕೇಳಲಿಲ್ಲ.

ಇದು ಮುರಿಯಬೇಕೆಂದು ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ 1928ರಲ್ಲೇ ಮಸೂದೆ ತಂದರು. ಮಹಾರರನ್ನು ಊರಿಗೆ ಕಟ್ಟಿಹಾಕಿದ್ದ ವತನದ ಮೇಲೆ ಅದು ಹೊಡೆದ ಏಟು. ನಮ್ಮ ಕಡೆ ಆ ಕೆಲಸ ಆಗಲಿಕ್ಕೆ 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಬರಬೇಕಾಯಿತು. 1963ರಲ್ಲಿ ಅದು ಜಾರಿಯಾದಾಗ ಪಟೇಲಿಕೆ, ಶಾನುಭೋಗಿಕೆ, ತೋಟಿತನ ಎಲ್ಲವೂ ಕಾಗದದ ಮೇಲೆ ಸತ್ತವು. ಇನ್ನು ಮೇಲೆ ಅಧಿಕಾರ ಓಟಿನಿಂದ ಬರುತ್ತದೆ, ಹೊಟ್ಟೆಯಿಂದಲ್ಲ ಎಂದು ನಾವು ನಂಬಿದೆವು.

ಆ ನಂಬಿಕೆ ಏನಾಯಿತು ಅಂತ ನೋಡಲಿಕ್ಕೆ ಗುಂಡ್ಲುಪೇಟೆಗೆ ಬನ್ನಿ. 1957ರಿಂದ 1989ರ ಚುನಾವಣೆಯವರೆಗೆ ಇಲ್ಲಿ ಕೆ.ಎಸ್. ನಾಗರತ್ನಮ್ಮನವರು ಏಳು ಸಲ ಗೆದ್ದರು. 1972ರಲ್ಲಿ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಹೆಂಗಸರು ಸಭೆಯಲ್ಲಿ ಎದ್ದು ನಿಂತು ಮಾತಾಡುವುದೇ ಕಷ್ಟವಾಗಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

1994ರಲ್ಲಿ ಎಚ್.ಎಸ್. ಮಹದೇವಪ್ರಸಾದ್ ಗೆದ್ದರು. ಆಮೇಲೆ 1999, 2004, 2008, 2013. ಜನತಾದಳದಲ್ಲಿ ಶುರುವಾದವರು ಕಾಂಗ್ರೆಸ್ಸಿಗೆ ಬಂದರು. ಪಕ್ಷ ಬದಲಾಯಿತು, ಗೆಲುವು ಬದಲಾಗಲಿಲ್ಲ. 2017ರ ಜನವರಿಯಲ್ಲಿ ಮಂತ್ರಿಯಾಗಿದ್ದಾಗಲೇ ತೀರಿಕೊಂಡರು. ಏಪ್ರಿಲಿನ ಉಪಚುನಾವಣೆಯಲ್ಲಿ ಹೆಂಡತಿ ಗೀತಾ ಗೆದ್ದರು. 2018ರಲ್ಲಿ ಬಿಜೆಪಿಯ ನಿರಂಜನಕುಮಾರ್ ಅವರನ್ನು ಸೋಲಿಸಿದರು. 2023ರಲ್ಲಿ ಮಗ ಗಣೇಶಪ್ರಸಾದ್ ಆ ಕುರ್ಚಿಯನ್ನು ಮರಳಿ ಮನೆಗೆ ತಂದರು. 1994ರಿಂದ 2023ರವರೆಗೆ ಎಂಟು ಚುನಾವಣೆ, ಏಳರಲ್ಲಿ ಒಂದೇ ಮನೆ.

ಹನೂರಿನ ಕತೆ ಇನ್ನೊಂದು ಬಗೆ. ಅಲ್ಲಿ ರಾಜೂಗೌಡರ ಮನೆ, ನಾಗಪ್ಪನವರ ಮನೆ ಎಂದು ಎರಡೇ ಮನೆಗಳ ಜಗಳ. ನಾಗಪ್ಪನವರನ್ನು 2002ರ ಆಗಸ್ಟಿನಲ್ಲಿ ವೀರಪ್ಪನ್ ಹೊತ್ತೊಯ್ದ. ಡಿಸೆಂಬರಿನಲ್ಲಿ ಹೆಣ ಸಿಕ್ಕಿತು. 2004ರಲ್ಲಿ ಹೆಂಡತಿ ಪರಿಮಳಾ ಗೆದ್ದರು. ಅದಾದ ಮೇಲೆ ಮೂರು ಸಲ ರಾಜೂಗೌಡರ ಮಗ ನರೇಂದ್ರ. 2023ರಲ್ಲಿ ಎರಡೂ ಮನೆ ಸೋತು, ಜನತಾದಳದ ಮಂಜುನಾಥ್ ಗೆದ್ದರು. ಮನೆತನವನ್ನು ಸೋಲಿಸಲಿಕ್ಕೆ ಆಗುವುದೇ ಇಲ್ಲ ಎನ್ನುವವರು ಇದನ್ನು ನೆನಪಿಡಬೇಕು.

ಇದೆಲ್ಲ ಮೇಲುಜಾತಿಯವರ ಮನೆ ಮಾತು, ನಮಗೇನು ಅನ್ನುತ್ತೀರಾ? ಹಾಗಾದರೆ ನಮ್ಮ ಕೇರಿಯ ಕಡೆ ತಿರುಗೋಣ. ಇದನ್ನು ಬರೆಯುವಾಗ ನಮ್ಮ ಕೈ ನಡುಗುತ್ತದೆ, ಆದರೂ ಬರೆಯಬೇಕು.

2004ರಲ್ಲಿ ಸಂತೆಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಇಡೀ ದೇಶ ಬೆರಗಾಗುವಂಥದ್ದು ನಡೆಯಿತು. ಆರ್. ಧ್ರುವನಾರಾಯಣ 40,752 ಓಟು, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಓಟು! ಸೋತವರು ಬಿ. ರಾಚಯ್ಯನವರ ಮಗ. ರಾಚಯ್ಯನವರು ಮಂತ್ರಿಯಾಗಿದ್ದವರು, ಹಿಮಾಚಲ ಪ್ರದೇಶಕ್ಕೂ ಕೇರಳಕ್ಕೂ ರಾಜ್ಯಪಾಲರಾಗಿದ್ದವರು. ಕೂಲಿ ಬಿಟ್ಟು ಸಾಲಿನಲ್ಲಿ ನಿಂತ ಯಾವುದೋ ಒಂದು ಬಡ ಬೆರಳು ದೊಡ್ಡ ಹೆಸರನ್ನು ಪಕ್ಕಕ್ಕೆ ಸರಿಸಿತ್ತು.

ಹತ್ತೊಂಬತ್ತು ವರ್ಷ ಕಳೆಯಿತು. 2023ರ ಮಾರ್ಚಿನಲ್ಲಿ ಧ್ರುವನಾರಾಯಣ ತೀರಿಕೊಂಡರು. ಎರಡೇ ತಿಂಗಳಿಗೆ ಮಗ ದರ್ಶನ್ ನಂಜನಗೂಡಿನಿಂದ ಶಾಸಕ. ಅದೇ ಚುನಾವಣೆಯಲ್ಲಿ ಕೊಳ್ಳೇಗಾಲದಿಂದ ರಾಚಯ್ಯನವರ ಮಗನೂ ಶಾಸಕ. ಅವರು ಅಲ್ಲಿ ಸೋಲಿಸಿದ್ದು ಎನ್. ಮಹೇಶ್ ಅವರನ್ನು. 2018ರಲ್ಲಿ ಆನೆ ಗುರುತಿನಿಂದ ಗೆದ್ದು ಬಂದು, 2021ರಲ್ಲಿ ಬಿಜೆಪಿ ಸೇರಿದವರು ಆ ಮಹೇಶ್. ಮನೆತನವಿಲ್ಲದವನು ಗೆದ್ದರೆ ಸಾಲದು, ಗೆಲ್ಲಿಸಿದ ಜನರ ಜೊತೆಗೇ ನಿಲ್ಲಬೇಕು ಎನ್ನುವುದಕ್ಕೆ ಬೇರೆ ಪಾಠ ಬೇಡ.

ನಂಜನಗೂಡಿನಲ್ಲಿ ದರ್ಶನ್ ಎದುರು ಸೋತವರು ಬಿ. ಹರ್ಷವರ್ಧನ್. ಚಾಮರಾಜನಗರದಿಂದ ಆರು ಸಲ ಲೋಕಸಭೆಗೆ ಹೋದ ವಿ. ಶ್ರೀನಿವಾಸಪ್ರಸಾದರ ಅಳಿಯ, ಬಿ. ಬಸವಲಿಂಗಪ್ಪನವರ ಮೊಮ್ಮಗ. 1973ರಲ್ಲಿ ಬೂಸಾ ಎಂದ ಒಂದೇ ಮಾತಿಗೆ ಮಂತ್ರಿಗಿರಿ ಕಳೆದುಕೊಂಡ ಬಸವಲಿಂಗಪ್ಪ! ಆ ಗಲಾಟೆಯ ಬೆಂಕಿಯಲ್ಲೇ ನಮ್ಮ ಚಳವಳಿ ಕಣ್ಣು ಬಿಟ್ಟಿತು. ಅವರ ಮೊಮ್ಮಗ ಬಿಜೆಪಿಯಿಂದ ಶಾಸಕರಾದರು. 2024ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋದವರು ಮಂತ್ರಿ ಎಚ್.ಸಿ. ಮಹದೇವಪ್ಪನವರ ಮಗ ಸುನಿಲ್ ಬೋಸ್. ಮೀಸಲು ಕ್ಷೇತ್ರ ಕೇರಿಗೆ ಮೀಸಲಾಗಿತ್ತು. ಈಗ ಕೇರಿಯೊಳಗಿನ ನಾಲ್ಕು ಮನೆಗೆ ಮೀಸಲಾಗುತ್ತಿದೆ.

ವ್ಯಕ್ತಿಗಳ ಮೇಲೆ ನಮಗೆ ಹಗೆಯಿಲ್ಲ. ಅಪ್ಪ ಶಾಸಕನಾದ ಮಾತ್ರಕ್ಕೆ ಮಗ ನಿಲ್ಲಬಾರದು ಎಂಬ ಕಾನೂನೂ ಇಲ್ಲ. ಕೇರಿಯ ಹಿರಿಯರನ್ನು ಕೇಳಿದರೆ ಅವರು ಹೇಳುವುದು ಇಷ್ಟೇ: "ಅಪ್ಪ ಸತ್ತೋದ ಕನಪ್ಪ. ಕೂಸು ಬಂದು ಕೈ ಮುಗುದು ನಿಂತದ. ಓಟು ಹಾಕ್ದೆ ಹೆಂಗ್ ಬುಡದು?" ಈ ಕರುಣೆ ನಮ್ಮ ಜನರ ದೊಡ್ಡತನ. ಅದನ್ನು ಬಂಡವಾಳ ಮಾಡಿಕೊಳ್ಳುವುದು ಪಕ್ಷಗಳ ಸಣ್ಣತನ. ಪೌರಕಾರ್ಮಿಕ ಸತ್ತರೆ ಮಗನಿಗೆ ಅನುಕಂಪದ ನೌಕರಿ ಸಿಗುತ್ತದೆ, ಅದೂ ಆಫೀಸಿನಿಂದ ಆಫೀಸಿಗೆ ಅಲೆದ ಮೇಲೆ. ಶಾಸಕ ಸತ್ತರೆ ಟಿಕೆಟ್ಟೇ ಮನೆ ಬಾಗಿಲಿಗೆ ಬರುತ್ತದೆ.

ಇದರ ಬೇರು ಟಿಕೆಟ್ಟು ಹಂಚುವ ಕೋಣೆಯಲ್ಲಿದೆ. 1932ರ ಪೂನಾ ಒಪ್ಪಂದದಲ್ಲಿ ಒಂದು ಮಾತಿತ್ತು. ಮೀಸಲು ಸ್ಥಾನಕ್ಕೆ ಮೊದಲು ನಮ್ಮ ಜನರೇ ಓಟು ಹಾಕಿ ನಾಲ್ವರನ್ನು ಆರಿಸಬೇಕು, ಆಮೇಲೆ ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಆರಿಸಬೇಕು. ಹತ್ತು ವರ್ಷಕ್ಕೆ ಅಂತ ಇಟ್ಟ ಆ ಏರ್ಪಾಡು ಸಂವಿಧಾನಕ್ಕೆ ಬರಲಿಲ್ಲ. ಕೇರಿ ಆರಿಸಬೇಕಿದ್ದ ಜಾಗದಲ್ಲಿ ಈಗ ಬೆಂಗಳೂರು, ದಿಲ್ಲಿ ಕೂತಿವೆ. ಅವರಿಗೆ ಬೇಕಾದದ್ದು ದುಡ್ಡಿರುವ ಹೆಸರು, ಮೇಲಿನ ಬೀದಿಗೆ ಗುರುತಿರುವ ಹೆಸರು, ತಿರುಗಿ ಬೀಳದ ಹೆಸರು. ಗೆಲ್ಲಲಿಕ್ಕೆ ಮೇಲಿನ ಬೀದಿಯ ಓಟೂ ಬೇಕು ತಾನೇ? ಹೊಸಬನೊಬ್ಬ ಸ್ಮಶಾನದ ಜಾಗ ಕೇಳುತ್ತಾನೆ, ದೇವಸ್ಥಾನದ ಬಾಗಿಲು ಕೇಳುತ್ತಾನೆ. ಹಳೇ ಮನೆ ಕೇಳುವುದಿಲ್ಲ ಎಂಬ ಧೈರ್ಯ ಅವರಿಗಿದೆ.

ಗೆಳೆಯರೇ, ಹುಟ್ಟಿನಿಂದ ಕೆಲಸ ಗೊತ್ತಾಗುವುದಕ್ಕೆ ನಾವು ಜಾತಿ ಅಂತ ಹೆಸರಿಟ್ಟಿದ್ದೇವೆ. ಹುಟ್ಟಿನಿಂದ ಅಧಿಕಾರ ಗೊತ್ತಾಗುವುದು ಅದರ ಒಡಹುಟ್ಟು. ಒಂದನ್ನು ಬೈದು ಇನ್ನೊಂದಕ್ಕೆ ಹಾರ ಹಾಕಲಿಕ್ಕಾಗದು. ತೋಟಿಯ ಮಗ ತೋಟಿಯಾಗಬಾರದು ಎನ್ನುವ ನಾವು, ಶಾಸಕನ ಮಗ ಶಾಸಕನಾಗಲೇಬೇಕು ಎನ್ನುವುದು ಹೇಗೆ?

ಮುಂದಿನ ಸಲ ಬ್ಯಾನರ್ ಕಟ್ಟಲು ಹಗ್ಗ ಹಿಡಿದು ಕಂಬ ಹತ್ತುವ ಕೇರಿಯ ಹುಡುಗನನ್ನು ಒಂದು ಗಳಿಗೆ ಕೆಳಗಿಳಿಸಿ. ಹಾಸ್ಟೆಲಿನಲ್ಲಿ, ಶಾಲೆಯ ಜಗಲಿಯಲ್ಲಿ, ಅಂಬೇಡ್ಕರ್ ಭವನದಲ್ಲಿ ಅವನ ಜೊತೆ ಕೂತು ಮಾತಾಡಿ. ಈ ಬ್ಯಾನರಿನಲ್ಲಿ ನಿನ್ನ ಮುಖ ಯಾಕಿಲ್ಲ ಅಂತ ಕೇಳಿ. ಟಿಕೆಟ್ಟು ಕೊಡುವ ಮೊದಲು ಕೇರಿಯನ್ನು ಕೇಳಬೇಕು ಎಂದು ಪಕ್ಷಗಳಿಗೆ ಕೂಗಿ ಹೇಳಿ. ಒಂದು ಓಟಿಗೆ ಎಷ್ಟು ತೂಕ ಅನ್ನುವುದನ್ನು ಸಂತೆಮರಹಳ್ಳಿ ಇಡೀ ನಾಡಿಗೆ ತೋರಿಸಿದೆ. ಆ ತೂಕ ನಮ್ಮ ಕೈಯಲ್ಲೇ ಇದೆ.