ಚೌಡದಾನಪುರದ ಅತಿಥಿಸತ್ಕಾರ

ರಾಣೇಬೆನ್ನೂರು ತಾಲೂಕಿನ ತುಂಗಭದ್ರಾತೀರದಲ್ಲಿರುವ ಚೌಡದಾನಪುರವು ಹೊರಗಿನವರನ್ನು ತನ್ನವರನ್ನಾಗಿ ಮಾಡಿಕೊಂಡ ಪುಣ್ಯಸ್ಥಳವು. ಈ ಪ್ರಾಂತವನ್ನಾಳಿದ ಗುತ್ತಲದ ಗುತ್ತರಸರೇ ತಮ್ಮ ವಂಶಮೂಲವು ದೂರದ ಉಜ್ಜಯಿನಿಯೆಂದು ಹೇಳಿಕೊಂಡವರು. ಅವರ ಕಾಲದಲ್ಲಿ, ಕ್ರಿ.ಶ. 1225ರಲ್ಲಿ, ಶಿವದೇವನೆಂಬ ವಿರಕ್ತನು ಇಲ್ಲಿಗೆ ಬಂದು, ಮುಕ್ತೇಶ್ವರನ ಸನ್ನಿಧಿಯಲ್ಲಿ ನೆಲೆಸಿ, ದೀರ್ಘಕಾಲ ತಪೋನಿರತನಾಗಿದ್ದನು. ಅರಸರ ವಿಜಯಗಳನ್ನು ಕೊರೆಯುವ ಶಿಲೆಯಲ್ಲಿ ಪರಸ್ಥಳದಿಂದ ಬಂದ ಯತಿಯೊಬ್ಬನ ಆಗಮನಕ್ಕೂ ಸ್ಥಾನ ದೊರೆತುದು ಆ ಕಾಲದ ಜನರ ಔದಾರ್ಯಕ್ಕೆ ಸಾಕ್ಷಿಯಾಗಿದೆ.

ಊರಿನ ಹೆಸರಾದರೋ ಹನ್ನೆರಡನೆಯ ಶತಮಾನದ ವಚನಕಾರನಾದ ಅಂಬಿಗರ ಚೌಡಯ್ಯನಿಂದ ಬಂದುದೆಂದು ಪ್ರತೀತಿಯುಂಟು. ಬಂದವರನ್ನು ಸುರಕ್ಷಿತವಾಗಿ ದಡ ಸೇರಿಸುವುದೇ ಅಂಬಿಗನ ಕಾಯಕವಷ್ಟೆ. ಆದುದರಿಂದ ಇಂದು ದೇವಾಲಯದ ಶಿಲ್ಪವನ್ನು ನೋಡಬರುವ ಯಾತ್ರಿಕರಿಗೆ ಶಾಸನಗಳ ಅರ್ಥವನ್ನೂ ತಿಳಿಯಹೇಳಬೇಕು. ಅನ್ನೋದಕಗಳಂತೆ ಅದೂ ಅತಿಥಿಗೆ ಸಲ್ಲತಕ್ಕ ಸತ್ಕಾರವೇ ಸರಿ.