ಫ್ರೀವೀಲಿಂಗ್ ಡಯೋಡ್

ಡಿ.ಸಿ. ಮೋಟಾರು, ರಿಲೇ ಮುಂತಾದ ಸುರುಳಿಯುಳ್ಳ ಸಾಧನಗಳ ವಿದ್ಯುತ್ ಕಡಿದಾಗ ಏಳುವ ಅಧಿಕ ವೋಲ್ಟೇಜಿನಿಂದ ಸ್ವಿಚ್ಚನ್ನು ಕಾಪಾಡಲು ಸುರುಳಿಗೆ ಸಮಾಂತರವಾಗಿ ಜೋಡಿಸುವ ಡಯೋಡು. ಫ್ಲೈಬ್ಯಾಕ್ ಡಯೋಡ್ ಎಂದೂ ಹೆಸರು. ಇದರ ತಳಹದಿ ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ: ಪ್ರವಾಹ ತಟ್ಟನೆ ನಿಂತರೆ ಸುರುಳಿಯ ಕಾಂತಕ್ಷೇತ್ರ ಕುಸಿದು, ಅದೇ ಪ್ರವಾಹವನ್ನು ಮುಂದುವರಿಸುವ ದಿಕ್ಕಿನಲ್ಲಿ ವೋಲ್ಟೇಜು ಹುಟ್ಟುತ್ತದೆ. 6 ವೋಲ್ಟಿನ ಆಟಿಕೆ ಮೋಟಾರು ಕೂಡ 40 ವೋಲ್ಟು ತಾಳುವ 2ಎನ್2222ಎ ಟ್ರಾನ್ಸಿಸ್ಟರನ್ನು ಕೆಡಿಸಬಲ್ಲದು.

ಶಾಲಾ ಮಾದರಿಗಳಲ್ಲಿ 1ಎನ್4007 (1 ಆಂಪಿಯರ್, 1000 ವೋಲ್ಟ್) ರೂಢಿಯಲ್ಲಿದೆ. ಬೆಳ್ಳಿಪಟ್ಟಿಯ ತುದಿ, ಅಂದರೆ ಕ್ಯಾಥೋಡು, ಧನ ತಂತಿಗೆ ಸೇರಬೇಕು. ಅದಲುಬದಲಾದರೆ ಸ್ವಿಚ್ ಒತ್ತಿದೊಡನೆ ಶಾರ್ಟ್ ಸರ್ಕ್ಯೂಟ್. ಮೋಟಾರು ನಡೆಯುವಾಗ ಡಯೋಡು ಸುಮ್ಮನಿರುತ್ತದೆ. ವಿದ್ಯುತ್ ಕಡಿದ ಕ್ಷಣ ಪ್ರವಾಹಕ್ಕೆ ಸುತ್ತುದಾರಿ ಕೊಟ್ಟು, ಸ್ವಿಚ್ಚಿನ ಮೇಲಿನ ವೋಲ್ಟೇಜು ಪೂರೈಕೆಗಿಂತ ಸುಮಾರು 1 ವೋಲ್ಟಿನಷ್ಟು ಮಾತ್ರ ಏರುವಂತೆ ತಡೆಯುತ್ತದೆ. ಎರಡೂ ದಿಕ್ಕಿಗೆ ತಿರುಗಿಸುವ ಎಚ್-ಬ್ರಿಜ್‌ಗೆ ಇಂಥ ನಾಲ್ಕು ಬೇಕು. ಎಲ್293ಡಿ ಚಿಪ್ಪಿನಲ್ಲಿ ಅವು ಅಡಕವಾಗಿವೆ, ಎಲ್298ರಲ್ಲಿ ಇಲ್ಲ.

ಹೊಲಗಳಲ್ಲಿ ಕಾಣುವ ಪಂಪ್‌ಸೆಟ್ ಸ್ಟಾರ್ಟರಿನ ಎ.ಸಿ. ಸುರುಳಿಗೆ ಈ ಉಪಾಯ ಸಲ್ಲದು, ವಿದ್ಯಾರ್ಥಿಗಳು ಅದನ್ನು ಮುಟ್ಟಲೂಬಾರದು. ಅಲ್ಲಿ ರೆಸಿಸ್ಟರ್-ಕೆಪಾಸಿಟರ್ ಜೋಡಿ ಅಥವಾ ವ್ಯಾರಿಸ್ಟರ್ ಬಳಸಲಾಗುತ್ತದೆ.