‘ಓಕೆ’ ಎಂಬ ಮಾತಿನ ಹುಟ್ಟು



‘ಓಕೆ’ ಎಂಬ ಎರಡಕ್ಷರದ ಇಂಗ್ಲಿಷ್ ಮಾತು ಇಂದು ಕೇಳಿಬರದ ದೇಶ ವಿರಳ. ಕೆಲಸ ಹೇಳಿದಾಗ ಅದು ಒಪ್ಪಿಗೆ. ಲೆಕ್ಕದ ಕೆಳಗೆ ಬರೆದರೆ ‘ತಪ್ಪಿಲ್ಲ’. ಊಟ ಹೇಗಿತ್ತೆಂದು ಕೇಳಿದಾಗ ಬರಿಯ ‘ಪರವಾಗಿಲ್ಲ’. ನಮ್ಮ ‘ಸರಿ’ಯೂ ಹೀಗೆಯೇ ಹಲವು ಅರ್ಥಗಳನ್ನು ಹೊರುವುದುಂಟು. ಆದರೆ ‘ಓಕೆ’ ಪ್ರಾಚೀನವಾದ ಮಾತಲ್ಲ. ಅದು ಅಚ್ಚಿನಲ್ಲಿ ಕಾಣಿಸಿಕೊಂಡ ದಿನವನ್ನೇ ಹೇಳಬಹುದು.

ವಂಶ ತಿಳಿಯದ ಮಾತಿಗೆ ವಂಶಾವಳಿಯನ್ನು ಕಟ್ಟುವವರಿಗೆ ಎಂದೂ ಕೊರತೆಯಿಲ್ಲ. ಇದು ಗ್ರೀಕರ ‘ಓಲ ಕಲ’ ಎಂದು ಕೆಲವರು. ಸ್ಕಾಟರ ‘ಓಖ್ ಐ’ ಎಂದು ಕೆಲವರು. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ಮಾತೆಂಬ ವಾದವನ್ನು ಅಧ್ಯಕ್ಷ ವುಡ್ರೊ ವಿಲ್ಸನ್ನರೂ ನಂಬಿದ್ದರು. ಇವಕ್ಕೆಲ್ಲ ಮುಖ್ಯ ಆಧಾರ ಧ್ವನಿಸಾಮ್ಯವೇ.

ನಿಜಸಂಗತಿ ಬೇರೆ. 1838–39ರ ಸುಮಾರಿಗೆ ಬಾಸ್ಟನ್ ನಗರದ ಪತ್ರಿಕೆಗಳಲ್ಲಿ ಒಂದು ವಿನೋದ ಹಬ್ಬಿತ್ತು. ಪದಗಳ ಕಾಗುಣಿತವನ್ನು ಬೇಕೆಂದೇ ಕೆಡಿಸಿ, ಅವುಗಳ ಮೊದಲಕ್ಷರಗಳನ್ನು ಮಾತ್ರ ಅಚ್ಚುಹಾಕುತ್ತಿದ್ದರು. ‘ಎಲ್ಲವೂ ಸರಿ’ ಎಂಬರ್ಥದ ‘ಆಲ್ ಕರೆಕ್ಟ್’ಗೆ ನ್ಯಾಯವಾಗಿ ‘ಎ’, ‘ಸಿ’ ಎಂಬ ಅಕ್ಷರಗಳು ಬರಬೇಕು. ವಿನೋದಗಾರರು ಅದನ್ನು ‘ಓಲ್ ಕೊರೆಕ್ಟ್’ ಎಂದು ಕೆಡಿಸಿ ‘ಓ’, ‘ಕೆ’ ಮಾಡಿದರು. 1839ನೆಯ ಮಾರ್ಚಿ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಈ ಪ್ರಯೋಗ, ಅರ್ಥಸಹಿತವಾಗಿ, ದೊರೆಯುತ್ತದೆ.

ಇಂಥ ಹಾಸ್ಯಗಳೆಲ್ಲ ಬೇಗನೆ ಅಳಿದವು. ಇದೊಂದನ್ನು ರಾಜಕಾರಣ ಉಳಿಸಿತು. 1840ರ ಚುನಾವಣೆಯಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಮತ್ತೆ ನಿಂತರು. ಅವರ ಹುಟ್ಟೂರು ಕಿಂಡರ್‌ಹುಕ್. ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿನ ಮೊದಲಕ್ಷರಗಳೂ ಅವೇ ಆದುದರಿಂದ, ಬೆಂಬಲಿಗರು ‘ಓಕೆ’ ಸಂಘವನ್ನೇ ಕಟ್ಟಿದರು. ಪ್ರತಿಪಕ್ಷದವರು, ಹಿಂದಿನ ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ನರಿಗೆ ಕಾಗುಣಿತ ಬಾರದೆ ಈ ಮಾತು ಹುಟ್ಟಿತೆಂದು ಕಥೆ ಕಟ್ಟಿ ನಕ್ಕರು. ವ್ಯಾನ್ ಬ್ಯೂರನ್ ಸೋತರು, ಮಾತು ಗೆದ್ದಿತು. ಮುಂದೆ ತಂತಿಯ ನೌಕರರು, ವರ್ತಮಾನ ಮುಟ್ಟಿತೆಂದು ತಿಳಿಸಲು ಅದನ್ನು ಬಳಸಿ ಊರೂರಿಗೆ ಒಯ್ದರು.

ಈ ಚರಿತ್ರೆಯನ್ನು ಶೋಧಿಸಿದವರು ಆಲನ್ ವಾಕರ್ ರೀಡ್ ಎಂಬ ಅಮೆರಿಕದ ವಿದ್ವಾಂಸರು. 1941ರಲ್ಲಿ ಅವರು ಈ ಮಾತಿನ ಮೂಲವನ್ನು ಚುನಾವಣೆಯಲ್ಲಿಯೇ ಕಂಡಿದ್ದರು. ಹಳೆಯ ಪತ್ರಿಕೆಗಳನ್ನು ಮತ್ತೂ ಶೋಧಿಸಲು, ಅದಕ್ಕಿಂತ ಹಿಂದಿನ ಬಾಸ್ಟನ್ ಪ್ರಯೋಗ ಸಿಕ್ಕಿತು. 1963–64ರ ಲೇಖನಗಳಲ್ಲಿ ಅವರು ತಮ್ಮ ಮೊದಲ ಅಭಿಪ್ರಾಯವನ್ನು ತಾವೇ ತಿದ್ದಿದರು. ಶಬ್ದದ ಮೂಲವನ್ನು ಅರಸುವವರು ಗಮನಿಸತಕ್ಕದ್ದು ಇದನ್ನೇ. ಕಿವಿಗೆ ಒಪ್ಪುವ ಹೋಲಿಕೆಗಿಂತ, ತೇದಿ ಸಹಿತವಾದ ಒಂದು ಹಳೆಯ ಕಾಗದವೇ ಇಲ್ಲಿ ಪ್ರಮಾಣ. ಆ ಪ್ರಮಾಣವಿಲ್ಲದಿದ್ದರೆ, ‘ಎಲ್ಲವೂ ಸರಿ’ ಎಂದು ಲೋಕವೆಲ್ಲ ಆಡುವ ಮಾತು ಹುಟ್ಟಿದ್ದು ಬೇಕೆಂದೇ ಮಾಡಿದ ಕಾಗುಣಿತದ ತಪ್ಪಿನಿಂದ ಎಂದರೆ ನಂಬುವವರು ಯಾರು?